ಹಳ್ಯಾಳ ವಕೀಲರ ಕೆಮ್ಮು

ಕೋಣೆ ನೋಡಲು ಬಂದ ದಿನ ಹಳ್ಯಾಳ ವಕೀಲರು ಕರವಸ್ತ್ರ ಬಾಯಿಗೊತ್ತಿ ಕೆಮ್ಮಿದ ರೀತಿಗೇ ಶಶಿಕಲಾ ಒಪ್ಪಿಕೊಂಡಿದ್ದಳು. ಹಿರಿಯ ವಕೀಲರು ಸತ್ತರೆ ಕೋರ್ಟಿನಲ್ಲಿ ಅವರ ಜಾಗ ಮನೆಯ ಬಾಡಿಗೆದಾರರಿಗೆ. ಹೊಸಬರು ವಕೀಲರಾಗಲು ಬೇರೆ ದಾರಿಯಿಲ್ಲ. ಬೆಂಗಳೂರಿನ ಹಿರಿಯರು ನೂರು ದಾಟಿದರೂ ಗಟ್ಟಿ. ಅದಕ್ಕೇ ಅವಳು ಬಾಗಲಕೋಟೆಯನ್ನು ಆರಿಸಿಕೊಂಡಿದ್ದಳು.

ಅವಳು ಪೆಟ್ಟಿಗೆ ಒಳಗಿಟ್ಟ ಮರುದಿನದಿಂದ ವಕೀಲರು ಕೆಮ್ಮಲಿಲ್ಲ. ದಿನಾ ಎರಡು ಮೈಲಿ ನಡೆದರು, ಅವಳ ಕೈಯಲ್ಲಿ ರೊಟ್ಟಿ ಬಡಿಸಿಕೊಂಡು ಉಂಡರು, ಅರ್ಜಿಗಳನ್ನೆಲ್ಲ ಅವಳಿಂದಲೇ ಬರೆಸಿದರು. ಹೀಗೆ ಹತ್ತು ವರ್ಷ.

ಇವತ್ತು ಅವಳಿಗೆ ಮೂವತ್ತೈದು ತುಂಬಿತು. ವಯೋಮಿತಿ ದಾಟಿತು, ಇನ್ನು ಆ ಜಾಗಕ್ಕೆ ಅವಳು ಅರ್ಹಳಲ್ಲ, ಸಂಜೆಯೊಳಗೆ ಕೋಣೆ ಬಿಡಬೇಕು. ವಕೀಲರ ಶಿಫಾರಸು ಪತ್ರವಿದ್ದರೆ ಎಲ್ಲಾದರೂ ಟೈಪಿಂಗ್ ಕೆಲಸವಾದರೂ ಸಿಕ್ಕೀತು. ಪತ್ರ ಪಡಸಾಲೆಯ ಮೇಜಿನ ಮೇಲಿತ್ತು. ಸಹಿ ಆಗಿರಲಿಲ್ಲ.

"ಹೊಸಾ ಹುಡುಗಿ ಬರತಾಳ. ಕೋಣಿ ತೋರಸಿ ಬಾ, ಆಮ್ಯಾಲೆ ಸಹಿ ಮಾಡತೀನಿ," ಎಂದರು ವಕೀಲರು.

ತುಮಕೂರಿನ ಚಂದನಾ ಹೊಸ್ತಿಲು ದಾಟುತ್ತಿದ್ದಂತೆ ಅವರು ಕರವಸ್ತ್ರ ತೆಗೆದರು. ಕೆಮ್ಮು ಕೇಳಿ ಹುಡುಗಿಯ ಮುಖ ಅರಳಿತು. ಅದು ಯಾರಿಗೂ ಕಾಣದಿರಲೆಂದು ತಲೆ ತಗ್ಗಿಸಿದಳು.

ಕೋಣೆಯೊಳಗೆ ಬಂದ ಮೇಲೆ ಮೆಲ್ಲಗೆ ಕೇಳಿದಳು. "ಅಕ್ಕ, ಸರ್ ಆರೋಗ್ಯ ಹೇಗಿದೆ?"

ಪಡಸಾಲೆಯಲ್ಲಿ ಕೆಮ್ಮು ನಿಂತಿತು. ತೆರೆದ ಬಾಗಿಲಿನಾಚೆ ವಕೀಲರು ಪೆನ್ನಿನ ಮುಚ್ಚಳ ತೆಗೆದು, ಕಿವಿಗೊಟ್ಟು ಕೂತಿದ್ದರು.

"ಈ ಚಳಿಗಾಲ ದಾಟೂದು ಕಷ್ಟ ಐತವ್ವಾ," ಎಂದಳು ಶಶಿಕಲಾ.

ಹತ್ತು ವರ್ಷದ ಹಿಂದೆ ಈ ಕೋಣೆ ಬಿಟ್ಟು ಹೋಗುತ್ತಿದ್ದವಳೂ ತನಗೆ ಇದನ್ನೇ ಹೇಳಿದ್ದಳು, ಇಷ್ಟೇ ಮೆತ್ತಗೆ.