ಬೆನ್ನು ಮುಂದಾಗಿ

ಗುಡ್ಡದ ಮೇಲಿನ ಮನೆಯಲ್ಲಿ ಮುದುಕಿಯ ತಮ್ಮ ತೀರಿಕೊಂಡ ಸುದ್ದಿ ಬಂದದ್ದು ಮಧ್ಯಾಹ್ನ. ಕತ್ತಲಾಗುವ ಮುನ್ನ ಎತ್ತುತ್ತಾರೆ ಎಂದಷ್ಟೇ ಹೇಳಿ ಸುದ್ದಿ ತಂದವನು ಹೊರಟುಹೋದ. ಮುದುಕಿ ಕಣ್ಣೊರೆಸಿಕೊಳ್ಳುತ್ತಲೇ ಅಳಿಯನ ಹೊಸ ಕಾರು ಹತ್ತಿ ಮುಂದಿನ ಸೀಟಿನಲ್ಲಿ ಕೂತೇಬಿಟ್ಟಳು. "ಮುಖ ಒಂದು ನೋಡಬೇಕು. ನಡೀರಿ."

ಅಳಿಯ ಅಳತೆಕೋಲು ಹಿಡಿದು ಒಂದು ಗಳಿಗೆ ನಿಂತ. ಕಾರ್ಖಾನೆಯಲ್ಲಿ ಒಂದೇ ಅಚ್ಚಿನಂತೆ ಸಾವಿರಗಟ್ಟಲೆ ತಯಾರಾಗುತ್ತಿದ್ದ ಆ ಕಾಲದ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕು ಮುಂದಿನ ಸೀಟಿನ ಕೆಳಗಿತ್ತು. ಎಷ್ಟಿದೆಯೆಂದು ನೋಡಬೇಕಾದರೆ ಕೂತವರನ್ನು ಎಬ್ಬಿಸಿ, ದಿಂಬು ಎತ್ತಿ, ಕೋಲು ಇಳಿಸಬೇಕು. ಅಳುತ್ತ ಕೂತ ಅತ್ತೆಗೆ ಏಳಿ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಕೋಲನ್ನು ಹಿಂದಕ್ಕೆಸೆದು, ಹ್ಯಾಂಡಲ್ ತಿರುಗಿಸಿ ಎಂಜಿನ್ ಎಬ್ಬಿಸಿದ.

ಗುಡ್ಡದ ಏರನ್ನು ಅರ್ಧ ಹತ್ತುವಷ್ಟರಲ್ಲಿ ಎಂಜಿನ್ ಕೆಮ್ಮಿತು. ಮತ್ತೆ ಕೆಮ್ಮಿ ನಿಂತೇಹೋಯಿತು.

"ಏನಾಯ್ತು?"

"ಪೆಟ್ರೋಲ್ ಕಡಿಮೆ ಇದೆ ಅತ್ತೆ. ಕಾರಿನ ಮೂತಿ ಮೇಲಾದ್ರೆ ಎಂಜಿನ್‌ಗೆ ಹರಿಯಲ್ಲ."

"ಹೊರಡುವಾಗ ನೋಡಬಾರ್ದಿತ್ತೇ?"

"ನೀವು ಅದರ ಮೇಲೇ ಕೂತಿದ್ರಿ."

"ನನ್ನನ್ನ ಎಬ್ಬಿಸೋಕೇನು, ಸಿಂಹಾಸನವೇ ಇದು?"

ಅವನು ಕಾರನ್ನು ಮೆಲ್ಲಗೆ ಹಿಂದಕ್ಕೆ ಜಾರಲು ಬಿಟ್ಟ. ದಾರಿ ಸಮವಾದಲ್ಲಿ ಇಳಿದು ಎಂಜಿನ್ ಎಬ್ಬಿಸಿ, ಕಾರಿನ ಮೂತಿಯನ್ನು ಊರಿನ ಕಡೆಗೆ ತಿರುಗಿಸಿದ. ಮುದುಕಿ ಅವನ ತೋಳು ಹಿಡಿದಳು.

"ವಾಪಸ್ ಯಾಕೆ? ಆಗಲೇ ಎತ್ತಿಬಿಟ್ರಾ? ನನ್ನ ಹತ್ರ ಮುಚ್ಚಿಡ್ತಿದ್ದೀರಾ?"

"ಅಯ್ಯೋ, ಇಲ್ಲ ಅತ್ತೆ. ಹಿಂದುಹಿಂದಕ್ಕೆ ಹತ್ತಿಸ್ತೀನಿ. ಆಗ ಟ್ಯಾಂಕು ಮೇಲೆ, ಎಂಜಿನ್ ಕೆಳಗೆ. ತಾನಾಗಿ ಹರಿಯುತ್ತೆ."

ಕಾರನ್ನು ಹಿಂದಕ್ಕೆ ಓಡಿಸುವ ನಡುವಿನ ಪೆಡಲನ್ನು ಒತ್ತಿ ಹಿಡಿದು, ಕತ್ತು ಹಿಂದಕ್ಕೆ ತಿರುಗಿಸಿ, ಅವನು ಹಿಮ್ಮುಖವಾಗಿ ಏರತೊಡಗಿದ. ಮುದುಕಿಗೆ ತಿರುಗಿ ಕೂರಲಾಗಲಿಲ್ಲ. ಬಿಟ್ಟುಬಂದ ಊರು ಕಣ್ಣೆದುರಿಗೇ ಇತ್ತು. ತಮ್ಮನ ಮನೆ ಬೆನ್ನ ಹಿಂದೆಲ್ಲೋ. ಬಿಸಿಲು ಕೆಂಪಾಗುತ್ತಿತ್ತು. ಅವಳು ಅಳಿಯನ ಮುಖವನ್ನೇ ನೋಡುತ್ತ ಕೇಳುತ್ತಿದ್ದಳು:

"ಮನೆ ಕಾಣ್ತಾ? ಬಾಗಿಲಲ್ಲಿ ಜನ ಇದ್ದಾರಾ?"

"ಇನ್ನೂ ಕಾಣಲ್ಲ."

"ಈಗ?"

ಅವನು ಕಾರು ನಿಲ್ಲಿಸಿದ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಅವಳು ಬಾಗಿಲು ಹಿಡಿದು ಕೆಳಗಿಳಿದಳು.

ಹೆಣ ಹೊತ್ತವರು ತಿರುವಿನಲ್ಲಿ ಇಳಿದು ಬರುತ್ತಿದ್ದರು. ಮುದುಕಿಯನ್ನು ಕಂಡು ದಾರಿಯ ನಡುವೆಯೇ ಭಾರ ಇಳಿಸಿ, ಮುಖದ ಬಟ್ಟೆ ಸರಿಸಿ, ದೂರ ನಿಂತರು. ಅವಳು ತಮ್ಮನ ಹಣೆಯ ಕೂದಲನ್ನು ಒತ್ತಿ ಸರಿಮಾಡಿ, ಕೈಮುಗಿದಳು.

"ದೇವರೇ, ನಾನಂತೂ ತಡವಾಗಿ ಬಂದೆ. ನೀನಾದ್ರೂ ಬಾಗಿಲಲ್ಲೇ ನಿಂತಿರಪ್ಪ. ಇವನಿಗೆ ಚಿಕ್ಕಂದಿನಿಂದ್ಲೂ ಕಾಯೋಕೆ ಆಗಲ್ಲ."