ಕೇಳುವ ಕೋಣೆಯ ಗೂಡು

ತೇಗದ ಮರ ಉಳಿಸಿದರೆ ಒಂದು ಕೋಣೆ ಹೋಗುತ್ತದೆ. ಕೋಣೆ ಉಳಿಸಿದರೆ ಮರ ಹೋಗುತ್ತದೆ. ಗೋಡೆ ತೆಳ್ಳಗಾದರೆ ಕಾಡಿನ ಸದ್ದೆಲ್ಲ ಒಳಗೆ. ದಪ್ಪವಾದರೆ ಶಾಬಾದಿ ಕಲ್ಲಿಗೆ ದುಡ್ಡು ಸುರಿದದ್ದೇ ಸುರಿದದ್ದು. ಈ ಲೆಕ್ಕಗಳನ್ನೆಲ್ಲ ಗೌತಮಿ ಬಗೆಹರಿಸಿದ್ದಳು. ಉಳಿದದ್ದು ಒಂದೇ. ಗೂಡು ಒಂದು, ಹಾಡಿದ ದನಿ ಒಂದು, ಅದರ ಮೇಲೆ ಹಕ್ಕು ಹೇಳುವವರು ಇಬ್ಬರು.

ಕಲಬುರಗಿ ಬಳಿಯ ಕಮಲಾಪುರದ ಕಾಡಿನೊಳಗೆ ಏಳುತ್ತಿದ್ದ ಸಂಸ್ಕೃತಿ ಕೇಂದ್ರದ ನಕ್ಷೆ ಅವಳದು. ಹಳೆಯ ಹಾಡುಗಳ ಸಂಗ್ರಹಕ್ಕೆ ಒಂದು ಪಡಸಾಲೆ, ಅದರ ನಡುವೆ ಗುಂಡನೆಯ ಕೇಳುವ ಕೋಣೆ. ಬಂದವರು ಅಲ್ಲಿ ಮೊದಲು ಕೇಳಬೇಕಾದದ್ದು ಒಂದು ಜೋಗುಳ. ಹಾಡಿದವಳ ಹೆಸರನ್ನು ಗೋಡೆಯ ಗೂಡಿನಲ್ಲಿ ಕೆತ್ತಬೇಕು.

ಆ ಜೋಗುಳದ ಕ್ಯಾಸೆಟ್ ಕೊಟ್ಟವಳು ಕಲಬುರಗಿಯ ಶಾಹಜಾದಿ. ಅವಳ ತಂದೆ ಅಲ್ಲಿನ ರೋಜಾ ಬಡಾವಣೆಯಲ್ಲಿ ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ ಇಟ್ಟಿದ್ದ. ಈಗ ಅವನೂ ಇಲ್ಲ, ಅಂಗಡಿಯೂ ಇಲ್ಲ. ಕ್ಯಾಸೆಟ್ಟಿನ ಮೇಲೆ ‘ಕಮಲಾಪುರ’ ಎಂದಷ್ಟೇ ಬರೆದಿತ್ತು.

“ನಮ್ಮ ಅಮ್ಮೀದು ಕಮಲಾಪುರ ತವರು ರೀ. ನಾ ಹುಟ್ಟಿದ ವರ್ಷಾನೇ ಹೋದಳು. ಇದು ಆಕಿ ಆವಾಜ್. ಅಬ್ಬಾ ಇದನ್ನ ಹಚ್ಚೇ ನನ್ನ ಮಲಗಸ್ತಿದ್ದರು.”

ಯಾರೂ ಕೇಳದಿದ್ದರೂ ಹಾಡಿ ತೋರಿಸಿದಳು. ‘ನಿದ್ದಿ ಮಾಡ, ನಿದ್ದಿ ಮಾಡ’ ಎಂಬಲ್ಲಿ ಟೇಪಿನ ದನಿ ತುಸು ಎಡವುತ್ತದೆ. ಶಾಹಜಾದಿಯೂ ಅಲ್ಲೇ ಎಡವಿದಳು, ಅಷ್ಟೇ ಎಡವಿದಳು.

“ಒಮ್ಮೆ ಅಂದ್ರ ನಾ ಮಲಗ್ತಿರಲಿಲ್ಲಂತ. ಅದಕ್ಕೇ ಅಮ್ಮಿ ಎರಡು ಸಲ ಅಂತಿದ್ದಳು, ಅಂತ ಅಬ್ಬಾ ಹೇಳತಿದ್ದರು.” ನಕ್ಕಳು. “ಭಾಳ ತ್ರಾಸ್ ಕೊಟ್ಟೀನಿ ಆಕಿಗಿ.”

ಆಮೇಲೆ ಬಂದವಳು ಬಂಡೆಮ್ಮ. ಕಮಲಾಪುರದ ಬಾಳೆತೋಟಗಳಲ್ಲಿ ಕೂಲಿ ಮಾಡಿ ಮುದುಕಿಯಾದವಳು. ಹಳೆಯ ಜೋಗುಳವೊಂದು ಸಿಕ್ಕಿದೆಯೆಂಬ ಸುದ್ದಿ ಕೇಳಿ, ಕೆಂಪು ಬಾಳೆಯ ಒಂದು ಚಿಪ್ಪು ಹಿಡಿದು ಬಂದಿದ್ದಳು.

“ಹೆಸರು ಕೆತ್ತಿದ್ರ ರೊಕ್ಕ ಸಿಗಂಗಿಲ್ಲ ನೋಡ್ ಆಯಿ,” ಎಂದ ಕೇಂದ್ರಕ್ಕಾಗಿ ಹಳೆಯ ಟೇಪು ದುರಸ್ತಿ ಮಾಡುವ ವಕಾರ್.

“ರೊಕ್ಕ ನೀನೇ ಇಟಗೋ. ಅಂಗಿ ತೂತು ಬಿದ್ದಾದ, ಹೊಸಾದು ಹೊಲಿಸ್ಕೋ.” ಗೌತಮಿಯ ಕಡೆ ತಿರುಗಿದಳು. “ನನ್ನ ಹೆಸರು ಬ್ಯಾಡವ್ವ. ತೋಟದಾಗ ಕೂಸಿನ ಮಲಗಸ್ತಿದ್ದೆ. ಯಾರೋ ಒಬ್ಬಾತ ಪೆಟಿಗಿ ತಂದಿದ್ದ. ಅದರಾಗ ನನ್ನ ಹಾಡು ಹಿಡಕೊಂಡು ಹೋದ. ಕೂಸಿನ ಹೆಸರು ಚಂಪವ್ವ. ಅದೇ ಬ್ಯಾಸಗಿಗಿ ಹೋತು. ಫೋಟೋ ಇಲ್ಲ, ತಲಿಗಿ ಕಟ್ಟೋ ಒಂದು ಕುಂಚಿಗಿ ಸೈತ ಉಳೀಲಿಲ್ಲ. ಹಾಡಿನಾಗ ಆಕಿ ಹೆಸರು ಹಿಡದು ಕರದೀನಿ. ಅದೊಂದು ಅಳಸಬ್ಯಾಡ್ರಿ.”

ಕ್ಯಾಸೆಟ್ಟು ಹರಿದೀತೆಂದು ವಕಾರ್ ಕಂಪ್ಯೂಟರಿಗೆ ಇಳಿಸಿಟ್ಟ ಪ್ರತಿಯನ್ನೇ ಹಚ್ಚಿದ. ಬಂಡೆಮ್ಮ ಸೆರಗು ಸರಿಸಿ ಕಿವಿ ಕೊಟ್ಟಳು. ಅವಳ ಕೈ ತಾನಾಗಿಯೇ ಇಲ್ಲದ ತೊಟ್ಟಿಲು ತೂಗತೊಡಗಿತು. ಹಾಡು ಮುಗಿಯಿತು. ಕೈ ನಿಂತಿತು.

“ಚಂಪವ್ವ ಬರಲಿಲ್ಲ. ಇನ್ನೊಮ್ಮೆ ಹಚ್ಚೋ ಯಪ್ಪಾ.”

ಇನ್ನೊಮ್ಮೆಯೂ ಬರಲಿಲ್ಲ.

“ದನಿ ನಿಮ್ಮದೇ ಅನಸ್ತದೇನ್ರಿ?” ಗೌತಮಿ ಮೆಲ್ಲಗೆ ಕೇಳಿದಳು.

“ಆಗಿನ ದನಿ ಈಗ ಯಾರಿಗಿ ನೆನಪದ? ಈ ಹಾಡು ಊರಾಗ ಎಲ್ಲಾರೂ ಹಾಡ್ತಿದ್ದೆವು. ನಂದಾಗಿದ್ರ ಆಕಿ ಹೆಸರು ಇರತಿತ್ತು.” ಮೊಣಕಾಲಿಗೆ ಕೈಯೂರಿ ಎದ್ದಳು. “ಇದು ಆ ಹುಡುಗಿ ತಾಯಿದೇ ಇರಬೇಕು ಬಿಡು. ಪುಣ್ಯವಂತಿ, ತಾಯಿ ದನಿ ಆದ್ರೂ ಸಿಕ್ತು. ಈ ಹಣ್ಣು ಆಕಿಗಿ ಕೊಡ್ರಿ.”

ಕೊನೆಯ ಲೆಕ್ಕವೂ ಬಗೆಹರಿಯಿತು. ಗೌತಮಿಗೆ ನಿರಾಳವಾಯಿತು, ನಿರಾಳವಾದದ್ದಕ್ಕೆ ನಾಚಿಕೆಯೂ ಆಯಿತು. ಗೂಡಿನ ಕಲ್ಲಿನಲ್ಲಿ ಶಾಹಜಾದಿಯ ತಾಯಿಯ ಹೆಸರು ಕೆತ್ತಿಸಿದಳು: ಮೆಹರೀನ್.

ಮಳೆಗಾಲದಲ್ಲಿ ಬಂಡೆಮ್ಮ ತೀರಿಕೊಂಡಳು. ಕಲ್ಲು ಹೊರುವ ಹೆಂಗಸರು ಸುದ್ದಿ ತಂದರು. ಗೌತಮಿ ಮಣ್ಣಿಗೆ ಹೋಗಿ ಬಂದಳು.

ಕೇಂದ್ರ ತೆರೆಯುವ ದಿನ ಬೆಳಿಗ್ಗೆ ವಕಾರ್ ಕ್ಯಾಸೆಟ್ ಹಿಡಿದು ಬಂದ. ಮುಖದ ತುಂಬ ಖುಷಿ.

“ಮೇಡಂ, ಇದು ಯಾವಾಗೋ ಹರಿದಿತ್ತು. ಶಾಹಜಾದಿ ಅಬ್ಬಾ ಅಂಟುಪಟ್ಟಿ ಹಚ್ಚಿ ಜೋಡಿಸ್ಯಾರ. ಪಟ್ಟಿ ಒಳಗ ಬೆರಳುದ್ದ ಟೇಪ್ ಮಡಚಿ ಕುಂತಿತ್ತು. ಬಿಡಿಸಿ ನೆಟ್ಟಗ ಮಾಡೀನಿ. ಇನ್ನ ದನಿ ಎಡವಂಗಿಲ್ಲ.”

“ಹಚ್ಚಿ ಕೇಳಿದ್ರೇನು?”

“ಇಲ್ರೀ. ಆಕಿ ತಾಯಿ ಆವಾಜ್, ಮೊದಲ ಆಕೀನೇ ಕೇಳಲಿ.”

ಶಾಹಜಾದಿ ಹೊಸ ಬುರ್ಖಾ ಹಾಕಿಕೊಂಡು ಬಂದಿದ್ದಳು. ಗೂಡಿನ ಅಕ್ಷರಗಳ ಮೇಲೆ ಬೆರಳಾಡಿಸಿ, ಅದರ ಕೆಳಗೇ ಕುಳಿತಳು. ವಕಾರ್ ಕ್ಯಾಸೆಟ್ ಹಚ್ಚಿದ. ಗೌತಮಿ ಬಾಗಿಲು ಮುಚ್ಚಿದಳು. ದಪ್ಪ ಗೋಡೆ ಕೆಲಸ ಮಾಡಿತು. ಹೊರಗಿನ ಕಾಡು ಇಲ್ಲವೆಂಬಂತಾಯಿತು. ಹಾಡುವವಳು ಉಸಿರು ಎಳೆದುಕೊಂಡದ್ದೂ ಕೇಳಿಸಿತು.

ಶಾಹಜಾದಿಯ ತುಟಿಗಳು ದನಿಯ ಜೊತೆಗೇ ಆಡುತ್ತಿದ್ದವು. “ನಿದ್ದಿ ಮಾಡ,” ಎಂದಿತು ದನಿ. ಅವಳೂ ಅಂದಳು. ಮತ್ತೆ ‘ನಿದ್ದಿ ಮಾಡ’ ಎನ್ನಲು ಬಾಯಿ ತೆರೆದಳು. ದನಿ ಅವಳ ಜೊತೆ ಬರಲಿಲ್ಲ.

“ಚಂಪವ್ವ,” ಎಂದಿತು.

ಅಳಿಸಬೇಡಿರೆಂದು ಬಂಡೆಮ್ಮ ಬೇಡಿದ್ದ ಹೆಸರು ಉಳಿದಿತ್ತು. ಶಾಹಜಾದಿಗೆ ತಾಯಿ ಉಳಿಯಲಿಲ್ಲ.