ಒರಳ ಗುಂಡಿನ ಹೆಸರು

ಹೊತ್ತು ಮುಳುಗುವ ಮೊದಲೇ ಗೊಲ್ಲಾಳಮ್ಮ ಹಿತ್ತಲಿನಿಂದ ಒರಳ ಗುಂಡನ್ನು ಎದೆಗವಚಿಕೊಂಡು ತಂದು, ಟಿವಿಯ ಪಕ್ಕ ಗೋಡೆಗೆ ಆನಿಸಿ ಕೂರಿಸಿದಳು. ಹಸಿರು ಕುಪ್ಪಸದ ಖಣ ಬಿಚ್ಚಿ ಅದರ ಮೈಗೆ ಸುತ್ತಿದಳು. ಮೇಲೆ ವಿಭೂತಿ ಎಳೆದಳು. ರೊಟ್ಟಿ ಬಡಿಯುತ್ತಿದ್ದ ಸೊಸೆ ಸೌಭಾಗ್ಯ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

"ಇದೇನ್ರಿ ಅತ್ತಿ? ಓಣಿ ಮಂದಿ ಎಲ್ಲಾ ಟಿವಿ ನೋಡಾಕ ಬರೋರದಾರ. ನಡುಮನ್ಯಾಗ ಗುಂಡು ಕುಂದ್ರಿಸೀರಿ?"

"ಹಾಡು ಮುಗಿಯೋ ಮಟ ಇರ್ಲಿ ಬಿಡವ್ವ," ಎಂದಳು ಗೊಲ್ಲಾಳಮ್ಮ. ಈಗೀಗ ಮಾತು ಕಲಿತಿದ್ದ ಸೊಸೆಯ ಕೂಸು ಮಧ್ಯಾಹ್ನದಿಂದ ಮೈ ಬಿಸಿಯಾಗಿ ಚಾಪೆಯ ಮೇಲೆ ಹೊರಳುತ್ತಿತ್ತು. ಅದನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡಳು.

ಆ ಹಾಡಿನ ಬುಡದಲ್ಲಿ ಇದ್ದದ್ದು ಗೊಲ್ಲಾಳಮ್ಮನದೇ ದನಿ. ಏಷ್ಯಾದ ದೇಶಗಳೆಲ್ಲ ಒಂದೊಂದು ಹಾಡು ಕಳಿಸುವ ಟಿವಿ ಸ್ಪರ್ಧೆಗೆ ಈ ಸಲ ಭಾರತದಿಂದ ಹೋಗಿದ್ದು ಅದು. ಕೆಲವು ವರ್ಷದ ಕೆಳಗೆ, ಜನಪದ ಹಾಡು ಕೂಡಿಸುತ್ತ ತಿರುಗುವ ಸುರಪುರದ ಮಹೇಶಕುಮಾರ ಅವಳ ಊರು ಸಗರಕ್ಕೆ ಬಂದು, ಸತ್ತವರ ಮುಂದೆ ಹಾಡಿ ಅಳುವ ಪದ ಬೇಕೇ ಬೇಕೆಂದು ದುಂಬಾಲು ಬಿದ್ದಿದ್ದ. ಹೆಣವಿಲ್ಲದೆ ಆ ಪದ ಎತ್ತುವಂತಿಲ್ಲ. ಎತ್ತಿದರೆ ಅದು ಒಂದು ಜೀವ ಒಯ್ಯದೆ ಖಾಲಿ ಕೈಯಲ್ಲಿ ಹೋಗುವುದಿಲ್ಲ. ಅವರಲ್ಲಿ ಹೆಣವನ್ನು ಗೋಡೆಗೆ ಕೂರಿಸಿಯೇ ಅಳುವುದು. ಹಾಗಾಗಿ ಅಂದು ಇದೇ ಗುಂಡನ್ನು ಕೂರಿಸಿ ಅದರ ಮುಂದೆ ಅತ್ತಿದ್ದಳು; ಅವನು ಅದನ್ನು ಮಷೀನಿನಲ್ಲಿ ಹಿಡಿದುಕೊಂಡು ಹೋಗಿದ್ದ. ಪದದ ಕೊನೆಗೆ ಸತ್ತವರನ್ನು ಹೆಸರು ಹಿಡಿದು ಕರೆಯಬೇಕು. ಕರೆದಾಗ ಮನೆಯಲ್ಲಿ ಯಾರೂ ಓಗೊಡಬಾರದು. ಓಗೊಟ್ಟವರು ಸತ್ತವರ ಬೆನ್ನು ಹತ್ತಿ ಹೋದ ಹಾಗೆಯೇ. ತಿಳಿಯದ ಕೂಸುಗಳನ್ನು ಆಗ ಹೊರಗೆ ಎತ್ತಿಕೊಂಡು ಹೋಗುತ್ತಾರೆ. ಬದುಕಿದವರ ಹೆಸರು ಬೇಡವೆಂದು ಗೊಲ್ಲಾಳಮ್ಮ ಊರಲ್ಲಿ ಯಾರಿಗೂ ಇಲ್ಲದ ಹೆಸರೊಂದನ್ನು ಹುಡುಕಿ ಗುಂಡಿಗೆ ಇಟ್ಟಿದ್ದಳು: ಶಿವರಂಜನಿ.

ಅಂದು ಪಕ್ಕದಲ್ಲಿ ಕೂತು ಕೇಳಿದ ಮಗಳಿಗೆ ಆ ಹೆಸರು ಹಿಡಿಸಿಬಿಟ್ಟಿತು. ಮುಂದೆ ಸೌಭಾಗ್ಯಳಿಗೆ ಹೆಣ್ಣು ಹುಟ್ಟಿದಾಗ, ಪದ್ಧತಿಯಂತೆ ಮೊದಲು ಗುಂಡನ್ನು ತೊಟ್ಟಿಲಲ್ಲಿ ಮಲಗಿಸಿ ತೆಗೆದು, ಆಮೇಲೆ ಕೂಸನ್ನು ಮಲಗಿಸಿದರು. ಸೋದರತ್ತೆಯಾದ ಮಗಳು ಬಗ್ಗಿ ಕೂಸಿನ ಕಿವಿಯಲ್ಲಿ ಅದೇ ಹೆಸರು ಉಸುರಿ, ನಂತರ ಎಲ್ಲರಿಗೂ ಕೇಳುವಂತೆ ಹೇಳಿದಳು. ಗೊಲ್ಲಾಳಮ್ಮನ ಕೈಯಲ್ಲಿದ್ದ ಗುಗ್ಗರಿ ನೆಲಕ್ಕೆ ಚೆಲ್ಲಿತು. ಕಿವಿಗೆ ಬಿದ್ದ ಹೆಸರನ್ನು ಹಿಂದಕ್ಕೆ ತೆಗೆಯಲು ಬರುವುದಿಲ್ಲ. ಪದ ಮಹೇಶಕುಮಾರನ ಮಷೀನಿನಲ್ಲಿ ಮುಚ್ಚಿ ಬಿದ್ದಿದೆಯಲ್ಲ ಎಂದು ಬಾಯಿ ಕಟ್ಟಿ ಕೂತಳು.

ಇಂದು ಬೆಳಿಗ್ಗೆ ಮಹೇಶಕುಮಾರನಿಗೆ ಫೋನ್ ಹಚ್ಚಿಸಿ, ಹೆಸರೊಂದನ್ನು ಬದಲಿಸಪ್ಪ ಎಂದು ಬೇಡಿಕೊಂಡಿದ್ದಳು. ಅವನು ನಕ್ಕು, ಹೆಸರೇ ಆ ಹಾಡಿನ ಜೀವ, ಅಲ್ಲಿನ ಮಂದಿ ಆಗಲೇ ಬಾಯಿಪಾಠ ಮಾಡಿದ್ದಾರೆ ಎಂದಿದ್ದ. ಈಗ ಸೊಸೆಗೆ ಹೇಳಿ ನೋಡಿದಳು: ಇದೊಂದು ಸಂಜೆ ಕೂಸನ್ನು ಕರಕೊಂಡು ಶಹಾಪುರದ ತವರಿಗೆ ಹೋಗು.

"ದುನಿಯಾದ ಮಂದಿ ನಮ್ಮ ಕೂಸಿನ ಹೆಸರ ಹಾಡೋ ದಿನಾನ ಎಲ್ಲಿಗೆ ಒಯ್ಯಲ್ರಿ?"

"ಅದು ಅಳೋ ಪದ, ಸೌಭಾಗ್ಯ."

"ಗೊತ್ತದ ಬಿಡ್ರಿ. ಈಗ ಕುಣಿಯೋ ಪದ ಆಗ್ಯಾದ."

ಮಂದಿ ಬಂದು ನೆರೆದರು. ಎದುರು ಮನೆಯ ಮುದುಕಿ ಸುಂದ್ರಮ್ಮ ಖಣ ಉಟ್ಟ ಗುಂಡನ್ನು ನೋಡಿ, ಇದೂ ಟಿವಿ ನೋಡಾಕ ಬಂದದೇನ ಎಂದು ನಗಿಸಿದಳು. ಯಾವ ಯಾವುದೋ ದೇಶದವರು ಬಂದು ಹಾಡಿ ಹೋದರು. ಗೊಲ್ಲಾಳಮ್ಮನ ಲೆಕ್ಕ ಇಷ್ಟೇ: ಹೆಸರು ಕರೆಯುವ ಮುಂಚೆ ಕೂಸನ್ನು ಎತ್ತಿಕೊಂಡು ಅಂಗಳ ದಾಟಿಬಿಡಬೇಕು. ಕರೆದರೆ ಕರೆಯಲಿ, ಗುಂಡು ಕೇಳಿಸಿಕೊಳ್ಳಲಿ.

ಭಾರತದ ಸರದಿ ಬಂತು. ಮಿಂಚುವ ಅಂಗಿಯ ಹುಡುಗಿಯೊಬ್ಬಳು ಬಂದು ನಿಂತಳು. ದೀಪಗಳೆಲ್ಲ ಆರಿದವು. ಕತ್ತಲೊಳಗಿನಿಂದ ಗೊಲ್ಲಾಳಮ್ಮನದೇ ದನಿ ಎದ್ದು ಬಂತು. ಅವಳಿಗೇ ಅದು ಯಾವುದೋ ಬಾವಿಯೊಳಗಿನಿಂದ ಬಂದಂತೆ ಕೇಳಿಸಿತು. ಎಷ್ಟು ಹೆಣಗಳ ಮುಂದೆ ಹಾಡಿದ ಗಂಟಲೋ, ತಡೆಯಲಿಲ್ಲ. ಅವಳಿಗೆ ಗೊತ್ತಾಗುವ ಮೊದಲೇ ಪದದ ಜೊತೆ ಕೂಡಿಕೊಂಡಿತು. ಕಣ್ಣು ಮುಚ್ಚಿದವು. ಕೂಸನ್ನು ಹಿಡಿದಿದ್ದ ಎರಡೂ ಕೈ ಎದೆ ಬಡಿದುಕೊಳ್ಳಲು ಎದ್ದವು.

ಮಂದಿ ನಕ್ಕ ಸದ್ದಿಗೆ ಎಚ್ಚರಾಯಿತು. ತೊಡೆ ಖಾಲಿಯಿತ್ತು. ಕೂಸು ಇಳಿದು ಹೋಗಿ ಗುಂಡಿನ ಖಣ ಕಿತ್ತುಕೊಂಡು, ತಲೆಯ ಮೇಲೆ ಹೊದ್ದು, ಅದರ ಪಕ್ಕದಲ್ಲಿ ಗೋಡೆಗೆ ಆನಿ ಕೂತಿತ್ತು. ಜ್ವರಕ್ಕೆ ಕೆನ್ನೆ ಕೆಂಪಾಗಿದ್ದವು. ಗೊಲ್ಲಾಳಮ್ಮ ಏಳಲು ನೋಡಿದಳು. ನಡುವೆ ಕೂತ ಮಂದಿಯ ಹೆಗಲ ಮೇಲಿಂದ ಕೂಸಿನತ್ತ ಕೈ ಚಾಚಿದಳು.

ಅಷ್ಟರಲ್ಲಿ ಹುಡುಗಿ ಹಾಡು ನಿಲ್ಲಿಸಿ ಮೈಕನ್ನು ಜನರತ್ತ ಚಾಚಿದಳು. ಕೈಯಲ್ಲಿ ದೀಪ ಎತ್ತಿ ಹಿಡಿದ ಸಾವಿರಾರು ಮಂದಿ, ಕನ್ನಡ ಅರಿಯದ ನಾಲಿಗೆಯಲ್ಲಿ, ಒಂದೇ ದನಿಯಾಗಿ ಕರೆದರು. ಶಿವರಂಜನೀ.

ಸುಂದ್ರಮ್ಮನ ನಗು ನಿಂತಿತು. ಸೆರಗು ಬಾಯೊಳಗೆ ತುರುಕಿಕೊಂಡಳು. ಸೌಭಾಗ್ಯಳ ಕೈ ತಾನಾಗಿ ರಿಮೋಟನ್ನು ತಡಕಾಡತೊಡಗಿತು. ಮಂದಿ ಮತ್ತೊಮ್ಮೆ ಕರೆದರು. ಶಿವರಂಜನೀ.

ಗೋಡೆಯ ಬಳಿ ಕೂಸು ಹಸಿರು ಖಣದೊಳಗಿನಿಂದ ಮುಖ ಹೊರಗೆ ಹಾಕಿ, ಟಿವಿಯ ಕಡೆ ನೋಡಿ ನಕ್ಕಿತು.

"ಓ, ಬಂದ್ನಿ," ಎಂದಿತು.